ಸದ್ದಿಲ್ಲದ ಆಟ ಬೇಕಾಗಿದೆ

ಮಾರ್ಚ್ 4

ಭಾಮೈದ ಮಹಾಶಯನಿಗೆ,

ಕಾಗದ ಕಂಡು ಗಾಬರಿಯಾಗಬೇಡ, ಇಲ್ಲಿ ಎಲ್ಲರೂ ಆರೋಗ್ಯವಾಗಿದ್ದೇವೆ. ಫೋನ್ ಇರುವಾಗ ಭಾವನಿಗೆ ಯಾಕೆ ಕಾಗದದ ಹುಚ್ಚು ಹಿಡಿಯಿತು ಎಂದು ನೀನು ಕೇಳುವ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿರುವುದು ಒಂದೇ ಫೋನ್, ಅದು ನಿಮ್ಮಕ್ಕನ ಚೀಲದಲ್ಲಿರುತ್ತದೆ. ನನಗೆ ಬಂದ ಸಂದೇಶವನ್ನು ಅವಳೇ ಮೊದಲು ಓದಿ, ಉತ್ತರವನ್ನೂ ಕಳಿಸಿ, ಆಮೇಲೆ ಪುರಸೊತ್ತಾದರೆ ನನಗೆ ತಿಳಿಸುತ್ತಾಳೆ. ಈಗ ನಾನು ಕೇಳುತ್ತಿರುವುದು ಅವಳಿಗೆ ಗೊತ್ತಾಗಬಾರದು. ಉತ್ತರವನ್ನು ನಮ್ಮ ಪಿಂಗಾಣಿ ಕಾರ್ಖಾನೆಯಲ್ಲಿ ನಾನಿರುವ ಪ್ಯಾಕಿಂಗ್ ವಿಭಾಗಕ್ಕೆ ಬರೆ. ಅವಳು ಕೂರುವುದು ಆಚೆ ಕಟ್ಟಡದಲ್ಲಿ, ಕಪ್ ತಟ್ಟಿ ನೋಡುವ ಮೇಜಿನಲ್ಲಿ. ಇತ್ತ ಸುಳಿಯುವುದಿಲ್ಲ.

ವಿಷಯ ಇಷ್ಟೇ. ನನಗೊಂದು ಮೊಬೈಲ್ ಗೇಮ್ ಬೇಕು.

ನಕ್ಕು ಮುಗಿಯಿತಾ? ಸರಿ, ಮುಂದೆ ಓದು. ನನಗೆ ಅಂದರೆ ನಮ್ಮಿಬ್ಬರಿಗೆ. ಊಟವಾದ ಮೇಲೆ ಇಬ್ಬರೂ ಮೇಜಿನ ಎರಡು ಬದಿ ಕೂತು ಒಬ್ಬರ ಮುಖ ಒಬ್ಬರು ನೋಡಿಕೊಂಡಿರುತ್ತೇವೆ. ಟಿವಿ ನೋಡಿ ನೋಡಿ ಸಾಕಾಗಿದೆ. ಫೋನನ್ನು ನಡುವೆ ಇಟ್ಟುಕೊಂಡು ಇಬ್ಬರೂ ಆಡುವಂಥದ್ದು ಏನಾದರೂ ಇದ್ದರೆ ಹೇಳು. ಅಕ್ಷರ, ಚಿತ್ರ ದೊಡ್ಡದಿರಬೇಕು. ಗಡಿಯಾರ ಹಿಡಿದು ನಮ್ಮನ್ನು ಅಟ್ಟಿಸಿಕೊಂಡು ಬರಬಾರದು. ಒಲೆಯ ಮೇಲೆ ಏನೋ ಇಟ್ಟಿದ್ದೇನೆ ಎಂದು ಎದ್ದು ಹೋದರೆ ಸುಮ್ಮನೆ ಕಾಯಬೇಕು. ದುಡ್ಡು ಕೇಳಬಾರದು, ಅಪರಿಚಿತರು ಬಂದು ನಡುವೆ ಬಾಯಿ ಹಾಕಬಾರದು. ಎಲ್ಲಕ್ಕಿಂತ ಮುಖ್ಯ, ಸದ್ದು ಇರಬಾರದು. ಸದ್ದನ್ನು ಆರಿಸಿ ಆಡುವುದಲ್ಲ, ಸದ್ದೇ ಬೇಕಾಗಬಾರದು.

ನೀನು ಫೋನ್ ಅಂಗಡಿಯವನು, ನಿನಗಿದು ಚಿಟಿಕೆ ಹೊಡೆಯುವಷ್ಟು ಸುಲಭ. ನಿನ್ನ ಮನೆಯವಳಿಗೆ ನಮ್ಮಿಬ್ಬರ ನೆನಪು ಹೇಳು.

ನಿನ್ನ ಭಾವ

* * *

ಮಾರ್ಚ್ 15

ಭಾವನವರಿಗೆ ನಮಸ್ಕಾರಗಳು.

ನಗಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ನಗುವ ಸ್ಥಿತಿಯಲ್ಲೂ ನಾನಿಲ್ಲ. ನನ್ನ ಅಂಗಡಿಗೆ ಬರುವ ನಡುವಯಸ್ಸಿನವರಲ್ಲಿ ಅರ್ಧ ಜನ ನಿಮ್ಮಂತೆಯೇ. ಒಡೆದ ಗಾಜು ಬದಲಿಸಿ ಎಂದು ಫೋನ್ ಕೊಡುತ್ತಾರೆ, ತೆಗೆದುಕೊಂಡು ಹೋಗುವಾಗ ಬಾಗಿಲ ತನಕ ಹೋಗಿ ತಿರುಗಿ ಬರುತ್ತಾರೆ. ಆಮೇಲೆ ದನಿ ತಗ್ಗಿಸಿ, ಏನೋ ಕಳ್ಳಮಾಲು ಕೇಳುವವರಂತೆ, ಒಂದು ಒಳ್ಳೆಯ ಗೇಮ್ ಇದ್ದರೆ ಹಾಕಿಕೊಡಿ ಎನ್ನುತ್ತಾರೆ. ಕೆಲವರು ಮಗನಿಗೆ ಎನ್ನುತ್ತಾರೆ. ಮಗನ ವಯಸ್ಸು ಕೇಳಿದರೆ ತಡವರಿಸುತ್ತಾರೆ.

ಇಷ್ಟು ವರ್ಷದಲ್ಲಿ ನಾನು ಕಂಡುಕೊಂಡದ್ದನ್ನು ನಿಮಗೊಬ್ಬರಿಗೆ ಹೇಳುತ್ತೇನೆ. ಹುಡುಗರು ಬಂದರೆ ಆಟದಲ್ಲಿ ಏನೇನಿದೆ ಎಂದು ಕೇಳುತ್ತಾರೆ. ನಲವತ್ತು ದಾಟಿದವರು ಏನೇನಿಲ್ಲ ಎಂದು ಕೇಳುತ್ತಾರೆ. ಆಸ್ಪತ್ರೆಯ ನರ್ಸ್ ಒಬ್ಬರು ಬರುತ್ತಾರೆ, ಆಟದಲ್ಲಿ ಯಾರೂ ಸಾಯಬಾರದು ಎನ್ನುತ್ತಾರೆ. ಬಸ್ ಓಡಿಸುವವರೊಬ್ಬರಿಗೆ ರಸ್ತೆ ಕಾಣಿಸಬಾರದು. ಬ್ಯಾಂಕಿನವರಿಗೆ ಅಂಕಿಗಳು ಬೇಡ. ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುವ ಹೆಂಗಸೊಬ್ಬರು ಹೇಳಿದ್ದನ್ನು ನಾನು ಮರೆಯಲಾರೆ. ‘ಅರ್ಧಕ್ಕೆ ಬಿಟ್ಟು ಎದ್ದು ಹೋದ್ರೆ ಮುನಿಸ್ಕೊಳ್ಳದ ಆಟ ಕೊಡಪ್ಪಾ, ಮುನಿಸ್ಕೊಳ್ಳೋರು ಮನೇಲಿ ಬೇಕಾದಷ್ಟಿದಾರೆ’ ಅಂದರು. ಯಾರೂ ಗೆಲ್ಲಲು ಬರುವುದಿಲ್ಲ ಭಾವ. ಸ್ವಲ್ಪ ಹೊತ್ತು ತಮ್ಮಿಂದ ಯಾರೂ ಏನೂ ಕೇಳದೆ ಇರಲಿ ಎಂದು ಬರುತ್ತಾರೆ.

ನಿಮಗೆ ಮೂರು ಆಟಗಳ ಹೆಸರನ್ನು ಬೇರೆ ಚೀಟಿಯಲ್ಲಿ ಬರೆದಿದ್ದೇನೆ. ಒಂದು ಹೊಲದ್ದು, ಬೆಳೆ ಬೆಳೆಸುವುದು. ಇನ್ನೊಂದು ಬಣ್ಣದ ಬಿಲ್ಲೆಗಳಲ್ಲಿ ಜೋಡಿ ಹುಡುಕುವುದು. ಮೂರನೆಯದು ಅಕ್ಷರ ಜೋಡಿಸಿ ಪದ ಕಟ್ಟುವುದು.

ಒಂದು ಮಾತು ಕೇಳಲೇ? ಅಕ್ಕನಿಗೆ ನನ್ನ ಮೇಲೆ ಕೋಪವೇ? ಫೋನ್ ಮಾಡಿದರೆ ಎರಡು ಮಾತಾಡಿ, ತಗೋ ಭಾವನ ಹತ್ತಿರ ಮಾತಾಡು ಎಂದು ನಿಮ್ಮ ಕೈಗೆ ದಾಟಿಸಿಬಿಡುತ್ತಾಳೆ. ನಮ್ಮ ಮನೆಯ ವಿಷಯ ನಿಮಗಿಬ್ಬರಿಗೂ ಗೊತ್ತೇ ಇದೆ. ಅದಕ್ಕೇ ಕೋಪವಾದರೆ ಬೈದುಬಿಡಲಿ, ಬೈಸಿಕೊಂಡು ಅಭ್ಯಾಸವಿದೆ. ಸುಮ್ಮನಿರುವುದನ್ನು ತಡೆಯಲಾಗುತ್ತಿಲ್ಲ.

ನಿಮ್ಮ ಭಾಮೈದ

* * *

ಏಪ್ರಿಲ್ 2

ಭಾಮೈದ,

ನಿನ್ನ ಮೂರೂ ಆಟ ನೋಡಿದೆವು. ನಾನೇ ಹುಡುಕಿ ತೆಗೆದೆ ಎಂದು ಜಂಬ ಕೊಚ್ಚಿಕೊಂಡಿದ್ದೇನೆ, ಬಿಟ್ಟುಕೊಡಬೇಡ.

ಹೊಲದ ಆಟವನ್ನು ಎರಡು ದಿನದಲ್ಲಿ ಅಳಿಸಿಹಾಕಿದೆ. ಒಂದು ಸಂಜೆ ಮರೆತರೆ ಬೆಳೆಯೆಲ್ಲ ಒಣಗಿ ನಿಂತಿತ್ತು. ಅದರ ಪಕ್ಕದಲ್ಲಿ ಒಂದು ಹಸು ನನ್ನನ್ನೇ ದುರುಗುಟ್ಟಿ ನೋಡುತ್ತಿತ್ತು. ದಿನವೆಲ್ಲ ಕಾರ್ಖಾನೆಯಲ್ಲಿ ಜವಾಬ್ದಾರಿ ಹೊತ್ತು ಬಂದವನಿಗೆ ರಾತ್ರಿ ಹಸುವಿನ ಜವಾಬ್ದಾರಿ ಬೇರೆಯೇ? ಬಿಲ್ಲೆ ಆಟ ಚೆನ್ನಾಗಿದೆ, ಆದರೆ ವಿಪರೀತ ಹೊಗಳುತ್ತದೆ. ಎರಡು ಬಿಲ್ಲೆ ಕೂಡಿಸಿದ್ದಕ್ಕೆ ಅದ್ಭುತ ಎಂದು ಪರದೆಯ ತುಂಬ ಬರೆಯುತ್ತದೆ. ಇಷ್ಟು ವರ್ಷ ಕೆಲಸ ಮಾಡಿದ್ದಕ್ಕೆ ನಮ್ಮ ಮ್ಯಾನೇಜರ್ ಒಂದು ದಿನವೂ ಹಾಗನ್ನಲಿಲ್ಲ. ಇದಕ್ಕೆ ನನ್ನಿಂದ ಏನಾಗಬೇಕಿದೆಯೋ ಎಂದು ಅನುಮಾನ ಬಂತು. ಪದ ಕಟ್ಟುವ ಆಟದಲ್ಲಿ ಜಗಳವಾಯಿತು. ನಾನು ಹೇಳಿದ್ದು ಒಂದು, ಅವಳು ಬರೆದದ್ದು ಇನ್ನೊಂದು. ‘ಸರಿಯಾಗಿ ಹೇಳೋದಕ್ಕೇನು, ಬಾಯಲ್ಲಿ ಬೆಣ್ಣೆ ಇಟ್ಕೊಂಡಿದೀರಾ’ ಅಂದಳು. ನಾನು ಜೋರಾಗಿ ಹೇಳಿದೆ. ಜೋರಾಗಿ ಹೇಳಿದ್ದಕ್ಕೆ, ಯಾಕೆ ಬೈತೀರಿ ಅಂದಳು. ಅಲ್ಲಿಗೆ ಆಟ ಮುಗಿಯಿತು, ಮಾತೂ ಮುಗಿಯಿತು.

ಅದಕ್ಕೇ ಮತ್ತೊಮ್ಮೆ ಹೇಳುತ್ತೇನೆ, ಮಾತಾಡುವ ಅಗತ್ಯವೇ ಇಲ್ಲದ, ಸದ್ದಿನ ಹಂಗೇ ಇಲ್ಲದ ಆಟ ಬೇಕು.

ಅಕ್ಕನಿಗೆ ಯಾರ ಮೇಲೂ ಕೋಪವಿಲ್ಲ. ದಣಿದಿರುತ್ತಾಳೆ, ಅಷ್ಟೆ. ನನಗೂ ಈಚೆಗೆ ಪ್ಯಾಕಿಂಗಿನಲ್ಲಿ ಕೆಲಸ ಜಾಸ್ತಿ. ಬೇರೆಯವರು ಹೋದ ಮೇಲೂ ಇದ್ದು ಮುಗಿಸಿ ಬರುತ್ತೇನೆ. ನೀನು ಇಲ್ಲದ್ದನ್ನು ಕಲ್ಪಿಸಿಕೊಂಡು ತಲೆಕೆಡಿಸಿಕೊಳ್ಳಬೇಡ. ನಿನ್ನ ಮನೆಯವಳು ಹೇಗಿದ್ದಾಳೆ? ಇಬ್ಬರೂ ಒಮ್ಮೆ ಬಂದು ಹೋಗಿ.

ನಿನ್ನ ಭಾವ

* * *

ಏಪ್ರಿಲ್ 20

ಭಾವನವರಿಗೆ ನಮಸ್ಕಾರ.

ನೀವು ಎಷ್ಟು ಮುಚ್ಚಿಟ್ಟರೂ ನನಗೆ ಅರ್ಥವಾಯಿತು. ಅಕ್ಕನಿಗೆ ನನ್ನ ಮೇಲೆ ಕೋಪ, ಆ ಕೋಪ ನಿಮ್ಮ ಮೇಲೂ ತಿರುಗಿದೆ. ಮನೆಯಲ್ಲಿ ಮಾತು ನಿಂತಿದೆ. ಅದಕ್ಕೇ ಮಾತಿಲ್ಲದ ಆಟ ಹುಡುಕುತ್ತಿದ್ದೀರಿ. ಇಬ್ಬರೂ ಬನ್ನಿ ಎಂದು ಬರೆದಿದ್ದೀರಲ್ಲ, ಅದನ್ನು ಓದಿ ಒಂದು ದಿನ ಮನಸ್ಸು ಕೆಟ್ಟಿತ್ತು. ಚುಚ್ಚಲು ಬರೆದದ್ದಲ್ಲ ಎಂದು ಸಮಾಧಾನ ಮಾಡಿಕೊಂಡೆ.

ತಪ್ಪು ನನ್ನದಾದ್ದರಿಂದ ಸರಿಮಾಡುವುದೂ ನನ್ನ ಕೆಲಸ. ಅಕ್ಕನಿಗೆ ಯಾವ ಆಟ ಬೇಕು ಎನ್ನುವುದು ನಿಮಗಿಂತ ನನಗೆ ಚೆನ್ನಾಗಿ ಗೊತ್ತು, ಬೇಸರ ಮಾಡಿಕೊಳ್ಳಬೇಡಿ. ನೀವು ಮದುವೆಯಾದದ್ದು ಅವಳನ್ನು; ನಾನು ಬೆಳೆದದ್ದು ಅವಳ ಬೆನ್ನ ಮೇಲೆ. ಚಿಕ್ಕಂದಿನಲ್ಲಿ ನಾನು ಅಡುಗೆಮನೆಯಲ್ಲಿ ಕದ್ದು ಡಬ್ಬಿ ತೆಗೆದರೆ, ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದವಳು ಅಲ್ಲಿಂದಲೇ ಯಾವ ಡಬ್ಬಿ ಎಂದು ಹೇಳುತ್ತಿದ್ದಳು. ಮುಚ್ಚಳದ ಸದ್ದೇ ಸಾಕಾಗುತ್ತಿತ್ತು. ಆ ಕಿವಿ ನೋಡಿಯೇ ಅಲ್ಲವೇ ಕಾರ್ಖಾನೆಯವರು ಅವಳನ್ನು ತಟ್ಟುವ ಮೇಜಿಗೆ ಹಾಕಿದ್ದು? ಕಣ್ಣಿಗೆ ಕಾಣದ ಬಿರುಕನ್ನು ಕೋಲಿನಿಂದ ತಟ್ಟಿ ಕೇಳಿ ಎತ್ತಿಡುತ್ತಾಳೆ ಎಂದು ನಾನು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿರುತ್ತೇನೆ. ಅವಳಿಗೆ ಬಿಲ್ಲೆ ಜೋಡಿಸು ಎಂದರೆ ಬೇಸರವಾಗದೆ ಇನ್ನೇನು?

ಗಂಟೆಗಳ ಒಂದು ಆಟವಿದೆ. ಪುಟ್ಟ ಗಂಟೆ ಬಾರಿಸುತ್ತದೆ, ಅದೇ ದನಿಯ ಜೋಡಿ ಗಂಟೆಯನ್ನು ಹುಡುಕಬೇಕು. ಹೋಗುತ್ತ ಹೋಗುತ್ತ ದನಿ ಸಣ್ಣದಾಗುತ್ತದೆ. ನಾನು ಐದನೆಯ ಮೆಟ್ಟಿಲಲ್ಲೇ ಕೈಚೆಲ್ಲಿದೆ. ಅಕ್ಕ ಕೊನೆಯ ತನಕ ಹೋಗುತ್ತಾಳೆ. ನೇರ ಅವಳ ಫೋನಿಗೇ ಕಳಿಸಿದ್ದೇನೆ, ‘ನಿನ್ನಂಥ ಕಿವಿ ಇರೋರಿಗೆ ಮಾತ್ರ, ತಮ್ಮನ ಕಾಣಿಕೆ’ ಎಂದು ಬರೆದು. ಗೆದ್ದ ಖುಷಿಯಲ್ಲಾದರೂ ನನಗೊಂದು ಫೋನ್ ಮಾಡುತ್ತಾಳೆ, ನೋಡುತ್ತಿರಿ.

ನಿಮ್ಮ ಭಾಮೈದ

* * *

ಮೇ 6

ಮಹರಾಯಾ,

ಸದ್ದು ಬೇಡ ಎಂದು ಎಷ್ಟು ಸಲ ಬರೆದೆ ನಿನಗೆ? ಬೇರೆ ಏನನ್ನಾದರೂ ಕಳಿಸು, ಹಸುವನ್ನೇ ವಾಪಸ್ ಕಳಿಸು, ಬೇಡ ಎಂದದ್ದು ಅದೊಂದನ್ನೇ.

ನಿಮ್ಮಕ್ಕನಿಗೆ ಕಿವಿ ಕೇಳಿಸುವುದು ಕಡಿಮೆಯಾಗಿದೆ. ಬರೆದುಬಿಟ್ಟೆ, ಇನ್ನು ಮುಚ್ಚಿಡುವುದೇನಿದೆ. ಹೋದ ವರ್ಷದಿಂದ ಹೀಗಿದೆ. ದಪ್ಪ ದನಿ ಕೇಳುತ್ತದೆ, ಸಣ್ಣ ದನಿ ಕೇಳುವುದಿಲ್ಲ. ಹೇಳಲು ಹೋದರೆ, ನೀವು ಗೊಣಗುತ್ತೀರಿ ಎಂದು ನನ್ನ ಮೇಲೇ ಹಾಕುತ್ತಾಳೆ. ಏನು, ಇನ್ನೊಮ್ಮೆ ಹೇಳಿ ಎಂದು ಒಂದು ಸಲವೂ ಕೇಳುವುದಿಲ್ಲ. ಸುಮ್ಮನೆ ತಲೆಯಾಡಿಸುತ್ತಾಳೆ. ವೈದ್ಯರ ಮಾತೆತ್ತಿದರೆ ಎದ್ದು ಹೋಗುತ್ತಾಳೆ. ಜಗಳವಾಗದೆ ಎದುರುಬದುರು ಕೂರಲು ಏನಾದರೂ ಇದ್ದರೆ ಸಾಕು ಎಂದು ನಿನ್ನನ್ನು ಆಟ ಕೇಳಿದೆ. ಅವಳಿಗೂ ನೋವಾಗಬಾರದು, ನನಗೂ ಅವಳು ಬೇಕು.

ನಿನ್ನ ಗಂಟೆಯಾಟ ಮೊದಲ ಮೆಟ್ಟಿಲು ದಾಟಲಿಲ್ಲ. ಫೋನಿನ ಸ್ಪೀಕರ್ ಹೋಗಿದೆ ಎಂದುಕೊಂಡು ನಮ್ಮ ಬೀದಿಯ ಫೋನ್ ರಿಪೇರಿಯವನ ಹತ್ತಿರ ಹೋಗಿದ್ದಾಳೆ. ಅವನು ಬಿಚ್ಚಿ ಒರೆಸಿ, ಪರೀಕ್ಷೆಗೆಂದು ಅದೇ ಗಂಟೆಯನ್ನು ಬಾರಿಸಿದ್ದಾನೆ. ಅಂಗಡಿಯಲ್ಲಿ ಕಾಯುತ್ತಿದ್ದವರೆಲ್ಲ ತಲೆಯೆತ್ತಿ ನೋಡಿದರಂತೆ. ಅವಳಿಗೆ ಏನೂ ಕೇಳಿಸಿಲ್ಲ. ಎಲ್ಲರ ತಲೆ ಒಟ್ಟಿಗೆ ತನ್ನ ಕಡೆ ತಿರುಗಿದ್ದನ್ನು ನೋಡಿ ಗೊತ್ತಾಗಿದೆ.

ಮಾರನೆಯ ದಿನ, ತಾನು ಪಾಸು ಮಾಡಿದ್ದರಲ್ಲಿ ಒಡಕು ಬರುತ್ತಿದೆಯೇ ಎಂದು ನೋಡಲೋ ಏನೋ, ಎಂದೂ ಬಾರದವಳು ಪ್ಯಾಕಿಂಗಿಗೆ ಬಂದಳು. ನಾನು ಅವಳು ಪಾಸು ಮಾಡಿದ ಕಪ್‌ಗಳನ್ನು ತಟ್ಟುತ್ತ ಕೂತಿದ್ದೆ. ಹೌದು, ಅದೇ ನನ್ನ ಹೆಚ್ಚಿನ ಕೆಲಸ. ಹೋದ ವರ್ಷ ಒಂದು ಹೋಟೆಲಿನವರು ಪೆಟ್ಟಿಗೆ ವಾಪಸ್ ಮಾಡಿದ್ದರು, ಬಿಸಿ ಕಾಫಿ ಹಾಕಿದ ಕೂಡಲೇ ಕಪ್ ಸೀಳುತ್ತಿದೆ ಎಂದು. ಪೆಟ್ಟಿಗೆಯ ಮೇಲೆ ಅವಳ ಮೇಜಿನ ಗುರುತು ಇತ್ತು. ಆಮೇಲೆ ಅವಳ ಮೇಜಿನ ಕಪ್‌ಗಳು ಬಂದಾಗಲೆಲ್ಲ ಎಲ್ಲರೂ ಹೋಗಲಿ ಎಂದು ಕಾದು, ನಾನೇ ಎಲ್ಲವನ್ನೂ ಮತ್ತೆ ತಟ್ಟಿ, ಬಿರುಕು ಬಿಟ್ಟದ್ದನ್ನು ಒಡೆದ ರಾಶಿಗೆ ಹಾಕುತ್ತಿದ್ದೆ. ಆ ದಿನ ಕೆಲಸ ಮುಗಿಯುವ ಮೊದಲೇ ಶುರು ಮಾಡಿದ್ದೆ, ಸಿಕ್ಕಿಬಿದ್ದೆ.

ಅವಳು ಕೂಗಾಡಲಿಲ್ಲ. ‘ನನ್ನ ಬೆನ್ನ ಹಿಂದೆ ನನ್ನ ಕೆಲಸ ನೀವು ಮಾಡ್ತಿದ್ರಾ? ನನಗೊಂದು ಮಾತು ಹೇಳೋದಕ್ಕೆ ಏನಾಗಿತ್ತು?’ ಅಂದಳು. ನಾನು ಬಾಯಿ ತಪ್ಪಿ, ‘ಹೇಳಿದೀನಿ, ಎಷ್ಟೋ ಸಲ ಹೇಳಿದೀನಿ, ನಿನಗೆ ಕೇಳಿಸಿಲ್ಲ’ ಅಂದುಬಿಟ್ಟೆ. ಸುತ್ತ ಕೆಲಸದವರೆಲ್ಲ ಇದ್ದರು.

ಅಂದಿನಿಂದ ಮನೆಯಲ್ಲಿ ಒಂದು ಮಾತಿಲ್ಲ. ನಿನಗೆ ಬೈಯಬೇಕೆಂದು ಕೂತೆ, ಬೈದಾಯಿತು. ಆದರೆ ಬೈಗುಳದ ಅರ್ಧಪಾಲು ನನಗೇ ಸೇರಬೇಕು.

ಭಾವ

* * *

ಮೇ 14

ಭಾವನವರಿಗೆ,

ಕ್ಷಮಿಸಿ. ಬೇರೆ ಪದ ಸಿಗುತ್ತಿಲ್ಲ. ಅಂಗಡಿಗೆ ಬಂದವರು ಒಂದು ಬೇಡ ಎಂದರೆ ಯಾಕೆ ಬೇಡವೆನ್ನುತ್ತಾರೆಂದು ನನಗೆ ತಿಳಿಯುತ್ತದೆ ಎಂದು ಮೆರೆಯುತ್ತಿದ್ದೆ. ನನ್ನ ಅಕ್ಕನ ಮನೆಯವರು ಎರಡು ಸಲ ಬರೆದು ಹೇಳಿದ್ದು ತಿಳಿಯಲಿಲ್ಲ.

ನಿಮ್ಮ ಕಾಗದ ಓದಿ ಅತ್ತೆ. ಅಕ್ಕನಿಗಾಗಿ ಅತ್ತೆ, ಆಮೇಲೆ, ಹೇಳಲು ನಾಚಿಕೆ, ಹಗುರಾಗಿಯೂ ಅತ್ತೆ. ಕಾರಣ ಹೇಳುತ್ತೇನೆ. ಕಳೆದ ಜನವರಿಯಲ್ಲಿ ನಾನೂ ನನ್ನ ಹೆಂಡತಿಯೂ ಬೇರೆಯಾದೆವು. ಜಗಳವಾಡಿ ಅಲ್ಲ. ಇಬ್ಬರಿಗೂ ಸಾಕಾಗಿತ್ತು. ಅವಳು ಬೇರೆ ಊರಿಗೆ ಕೆಲಸಕ್ಕೆ ಹೋದಳು, ನಾನು ಅಂಗಡಿಯ ಮಹಡಿಯ ಕೋಣೆಗೆ ಬಂದೆ. ಆ ಸಂಜೆ ಯಾರಿಗಾದರೂ ಹೇಳಬೇಕೆನಿಸಿ ಅಕ್ಕನಿಗೆ ಫೋನ್ ಮಾಡಿದೆ. ಹೇಳುವಾಗ ದನಿ ಏಳಲಿಲ್ಲ. ಹೇಗೋ ಹೇಳಿ ಮುಗಿಸಿದೆ. ಅಕ್ಕ, ‘ಒಳ್ಳೇದಾಯ್ತು ಬಿಡು’ ಅಂದಳು. ಆಮೇಲೆ ಫೋನನ್ನು ನಿಮಗೆ ಕೊಟ್ಟಳು. ನೀವು ಅಂಗಡಿ ಹೇಗೆ ನಡೆಯುತ್ತಿದೆ ಎಂದು ಕೇಳಿದಿರಿ.

ಅವಳಿಗೆ ಮೊದಲಿನಿಂದಲೂ ಆ ಮದುವೆ ಇಷ್ಟವಿರಲಿಲ್ಲವೇನೋ ಎಂದುಕೊಂಡೆ. ನಿಮಗೆ ಹೇಳಿಯೇ ಇರುತ್ತಾಳೆ ಎಂದುಕೊಂಡೆ. ನೀವು ಕಾಗದದಲ್ಲಿ ಮನೆಯವಳನ್ನು ವಿಚಾರಿಸಿದಾಗಲೆಲ್ಲ ಇದೆಂಥ ನಾಟಕ ಎಂದುಕೊಳ್ಳುತ್ತಿದ್ದೆ. ಈಗ ಗೊತ್ತಾಯಿತು. ಆ ದಿನ ನಾನು ಹೇಳಿದ್ದು ಯಾರಿಗೂ ತಲುಪಿಯೇ ಇಲ್ಲ.

ದಯವಿಟ್ಟು ಇದನ್ನು ಅಕ್ಕನಿಗೆ ಹೇಳಬೇಡಿ. ಈಗಾಗಲೇ ಅವಳಿಗೆ ಇಷ್ಟಾಗಿದೆ. ತಮ್ಮನಿಗೆ ಹಾಗಂದೆನಲ್ಲ ಎಂದು ಅವಳು ಕೊರಗುವುದು ಬೇಡ. ನನ್ನ ಸಂಕಟ ನಾನು ನುಂಗಿಕೊಳ್ಳುತ್ತೇನೆ, ಅಭ್ಯಾಸವಾಗಿದೆ. ಅವಳು ವೈದ್ಯರ ಹತ್ತಿರ ಹೋಗಲಿ, ಅಷ್ಟೇ ಸಾಕು.

ನಿಮ್ಮ ಭಾಮೈದ

* * *

ಜುಲೈ 9

ತಮ್ಮಾ,

ನಿನ್ನ ಭಾವನ ಹೆಸರಿಗೆ ಬಂದ ಕಾಗದಕ್ಕೆ ನಾನು ಉತ್ತರ ಬರೆಯುತ್ತಿದ್ದೇನೆ, ನೋಡು. ಇನ್ನು ಮುಂದೆ ಮನೆಯ ವಿಳಾಸಕ್ಕೇ ಬರೆ. ಅಕ್ಕನ ಕಣ್ಣುತಪ್ಪಿಸಿ ಭಾವ ಭಾಮೈದ ಸೇರಿ ನಡೆಸಿದ ಕಾರುಬಾರು ಸಾಕು.

ಬೈಯಲು ಬರೆಯುತ್ತಿಲ್ಲ. ಮೊದಲು ನನ್ನ ವಿಷಯ ಮುಗಿಸುತ್ತೇನೆ. ಆ ದಿನ ಪ್ಯಾಕಿಂಗಿನಿಂದ ವಾಪಸ್ ಬಂದು ನನ್ನ ಮೇಜಿನಲ್ಲಿ ಕೂತೆ. ಕೋಲು ಎತ್ತಿದೆ, ಕಪ್ ತಟ್ಟಿದೆ. ಒಳ್ಳೆಯದೂ ಒಂದೇ, ಬಿರುಕು ಬಿಟ್ಟದ್ದೂ ಒಂದೇ. ಎಷ್ಟೋ ದಿನದಿಂದ ಕೈಯ ಅಭ್ಯಾಸದಲ್ಲಿ ಎತ್ತಿಡುತ್ತಿದ್ದೆ ಎಂದು ನನಗೂ ಒಳಗೆ ಗೊತ್ತಿತ್ತು. ಆದರೂ ಆ ಕೋಲು ಕೆಳಗಿಡಲು ತಿಂಗಳು ಬೇಕಾಯಿತು. ಕೊನೆಗೆ ನಾನೇ ಮೇಲ್ವಿಚಾರಕಿಯ ಕೋಣೆಗೆ ಹೋಗಿ ಹೇಳಿದೆ. ಬೇರೆ ಯಾರಾದರೂ ಹೇಳುವ ಮೊದಲು ನನ್ನ ಬಾಯಿಂದ ಬರಲಿ ಎಂದಿತ್ತು. ಈಗ ಹಸಿ ಕಪ್‌ಗಳಿಗೆ ಹಿಡಿ ಅಂಟಿಸುವ ಕಡೆ ಇದ್ದೇನೆ. ನನ್ನ ಮೇಜಿನಲ್ಲಿ ಬೇರೊಬ್ಬಳು ಕೂತಿದ್ದಾಳೆ. ಅವಳು ತಟ್ಟುವುದು ದೂರದಿಂದ ಕಾಣುತ್ತದೆ. ಮೊದಲ ದಿನ ನೋಡಲಾಗದೆ ನೀರು ಕುಡಿಯುವ ನೆಪದಲ್ಲಿ ಹೊರಗೆ ಹೋಗಿ ಅತ್ತು ಬಂದೆ. ಈಗ ಅಷ್ಟಿಲ್ಲ.

ಕಿವಿಗೆ ಯಂತ್ರ ಹಾಕಿದ್ದಾರೆ. ಚಮಚ ಬಿದ್ದರೆ ತಗಡಿನ ಮನೆ ಬಿದ್ದಂತೆ ಕೇಳುತ್ತದೆ. ನಿನ್ನ ಭಾವ ಎದುರಿಗೆ ಕೂತು ನಿಧಾನವಾಗಿ ಮಾತಾಡುವುದನ್ನು ಕಲಿತಿದ್ದಾರೆ. ರಾತ್ರಿ ಆ ಬಿಲ್ಲೆ ಆಟ ಆಡುತ್ತೇವೆ. ನನ್ನ ಜೋಡಿ ಮುಂದೆಯೇ ಬಿದ್ದಿದ್ದರೂ ಕಾಣದವರಂತೆ ಬೇರೆ ಕಡೆ ಹುಡುಕಿ ನನಗೆ ಬಿಟ್ಟುಕೊಡುತ್ತಾರೆ. ಹೋಗಿರುವುದು ನನ್ನ ಕಿವಿ, ಕಣ್ಣಲ್ಲ ಎಂದು ಹೇಳಿದ್ದೇನೆ.

ಈಗ ನಿನ್ನ ವಿಷಯ. ನೀನು ಹೇಳಬೇಡಿ ಎಂದದ್ದನ್ನು ನಿನ್ನ ಭಾವ ಹೇಳಿದರು. ‘ಮುಚ್ಚಿಟ್ಟು ಒಂದ್ಸಲ ಕೆಟ್ಟಿದೀನಿ, ಇನ್ನೊಂದ್ಸಲ ಆಗಲ್ಲ’ ಅಂದರು. ಅವರ ಮೇಲೆ ಮುನಿಸಿಕೊಳ್ಳಬೇಡ.

ಫೋನಿನಲ್ಲಿ ನಿನ್ನ ಮಾತು ನನಗೆ ಕೇಳಿಸುತ್ತಿರಲಿಲ್ಲ ಕಣೋ. ಏನೋ ಗುಂಯ್ ಎನ್ನುತ್ತಿತ್ತು. ಇನ್ನೊಮ್ಮೆ ಹೇಳು ಎಂದರೆ ನಿನಗೆ ಗೊತ್ತಾಗಿಬಿಡುತ್ತದೆ ಎಂದು ನಾಲ್ಕು ಮಾತು ಇಟ್ಟುಕೊಂಡಿದ್ದೆ. ಹೂಂ, ಹೌದಾ, ನೋಡೋಣ, ಒಳ್ಳೇದಾಯ್ತು. ದನಿ ನಿಂತಲ್ಲಿ ಒಂದನ್ನು ಹಾಕುತ್ತಿದ್ದೆ. ಅಂಗಡಿಯ ವಿಷಯಕ್ಕೆ, ಹವೆಯ ವಿಷಯಕ್ಕೆ ಹೇಗೋ ಹೊಂದಿಕೊಳ್ಳುತ್ತಿತ್ತು. ಆ ದಿನ ನೀನು ಬಹಳ ಹೊತ್ತು ಮಾತಾಡಿದೆ. ಇಷ್ಟು ಹೊತ್ತು ಹೇಳುತ್ತಿದ್ದಾನೆ, ಏನೋ ಒಳ್ಳೆಯ ಸುದ್ದಿಯೇ ಇರಬೇಕು ಎಂದುಕೊಂಡೆ. ನನಗೆ ಖುಷಿಯೂ ಆಗಿತ್ತು. ಫೋನಿಟ್ಟ ಮೇಲೆ ನಿನ್ನ ಭಾವನಿಗೆ, ‘ಇವನು ಈಚೆಗೆ ನೆಮ್ಮದಿಯಾಗಿದಾನೆ’ ಅಂದಿದ್ದೆ.

ನಿನ್ನನ್ನು ಆ ಕೋಣೆಯಲ್ಲಿ ಒಬ್ಬನನ್ನೇ ಬಿಟ್ಟು ನಾನು ಒಳ್ಳೇದಾಯ್ತು ಅಂದೆನಲ್ಲ. ನುಂಗಿಕೊಳ್ಳುತ್ತೇನೆ ಎಂದು ಬರೆದಿದ್ದೀಯಂತೆ. ನಾನು ಕಿವಿಯನ್ನು ನುಂಗಿಕೊಂಡೆ, ನಿನ್ನ ಭಾವ ಒಡಕು ಕಪ್‌ಗಳನ್ನು ನುಂಗಿಕೊಂಡರು. ನಮ್ಮ ಮನೆಯವರಿಗೆಲ್ಲ ಇದೊಂದೇ ಕೆಲಸ.

ಬರುವ ಭಾನುವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ, ಒಬ್ಬಳೇ. ಫೋನ್ ಮಾಡಬೇಡ, ನಿಲ್ದಾಣಕ್ಕೆ ಬಾ. ಅಂಗಡಿ ಮುಚ್ಚಿ ಮಹಡಿಯ ಕೋಣೆಯಲ್ಲಿ ನನ್ನೆದುರಿಗೆ ಬೆಳಕಿಗೆ ಮುಖ ಮಾಡಿ ಕೂತುಕೋ. ಆ ದಿನ ನನಗೆ ಹೇಳಿದ್ದನ್ನು ಮೊದಲಿನಿಂದ ಹೇಳು. ಎಲ್ಲಿ ಕೇಳಿಸುವುದಿಲ್ಲವೋ ಅಲ್ಲಿ ನಿನ್ನನ್ನು ನಿಲ್ಲಿಸಿ, ಕೇಳಿಸಲಿಲ್ಲ, ಇನ್ನೊಮ್ಮೆ ಹೇಳು ಎಂದು ಕೇಳುತ್ತೇನೆ.

ನಿನ್ನ ಅಕ್ಕ